ಮೊಲಗಳ ರಾಜ್ಯದಲ್ಲಿ ನಾಯಕತ್ವ

ಪ್ರಾಣಿಗಳ ಬಾಯಿಂದ ರಾಜನೀತಿಯನ್ನು ಹೇಳಿಸುವ ಪದ್ಧತಿ ಕನ್ನಡಿಗರಿಗೆ ಹೊಸದಲ್ಲ. ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಆ ಕಥೆಗಳಲ್ಲಿ ಸಿಂಹವು ಹುಟ್ಟಿನಿಂದಲೇ ಅರಸು. ಅದರ ಅಧಿಕಾರವನ್ನು ಯಾರೂ ಪ್ರಶ್ನಿಸುವುದಿಲ್ಲ. ಅದು ಯಾರ ಮಾತಿಗೆ ಕಿವಿಗೊಡುತ್ತದೆ ಎಂಬುದೇ ಅಲ್ಲಿಯ ಸಮಸ್ಯೆ. ಸಿಂಹ-ವೃಷಭಗಳ ಸ್ನೇಹವನ್ನು ನರಿಯ ಚಾಡಿಮಾತು ಮುರಿದುದು ಇದರಿಂದಲೇ. ನಾಯಕನಾಗಲು ಅರ್ಹನು ಯಾರು ಎಂಬ ಇನ್ನೂ ಮೂಲಭೂತವಾದ ಪ್ರಶ್ನೆಯನ್ನು ಎತ್ತಿದ ಕಥೆ ಇಂಗ್ಲಿಷ್ ಲೇಖಕ ರಿಚರ್ಡ್ ಆಡಮ್ಸ್‌ನದು (1920-2016). ಸರಕಾರಿ ಅಧಿಕಾರಿಯಾಗಿದ್ದ ಆತನು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಹೇಳಿದ ಮೊಲಗಳ ಕಥೆಯೇ ಬೆಳೆದು 1972ರಲ್ಲಿ ‘ವಾಟರ್‌ಶಿಪ್ ಡೌನ್’ ಎಂಬ ಕಾದಂಬರಿಯಾಯಿತು. ಅದರಲ್ಲಿ ನಾಲ್ಕು ಬಗೆಯ ಆಡಳಿತಗಳನ್ನು ಕಾಣಬಹುದು.

ಮೊದಲನೆಯದು ಸ್ಯಾಂಡಲ್‌ಫರ್ಡ್ ಬಿಲದ ವೃದ್ಧ ಮುಖ್ಯಸ್ಥ ಥ್ರಿಯರಾನದು. ಮುಂದೆ ಘೋರ ವಿಪತ್ತು ಬರಲಿದೆಯೆಂದು ಫೈವರ್ ಎಂಬ ಕೃಶಕಾಯದ ಮೊಲ ಎಚ್ಚರಿಸಿದಾಗ ಆತನು ಸೌಜನ್ಯದಿಂದಲೇ ಆ ಮಾತನ್ನು ತಳ್ಳಿಹಾಕುತ್ತಾನೆ. ಆತನು ಮೂರ್ಖನಲ್ಲ. ಬಿಲ ಬಿಟ್ಟು ಹೊರಟರೆ ಸಾವುನೋವು ಖಂಡಿತ, ಹೇಳಿದ ವಿಪತ್ತಾದರೋ ಅಗೋಚರ ಎಂಬುದು ಆತನ ತರ್ಕ. ತರುವಾಯ ಮನೆಗಳನ್ನು ಕಟ್ಟಲು ಬಂದ ಮನುಷ್ಯರು ಬಿಲಕ್ಕೆ ವಿಷಾನಿಲ ಬಿಡುತ್ತಾರೆ.

ಎರಡನೆಯದು ಕೌಸ್ಲಿಪ್‌ನ ಬಿಲ. ಅಲ್ಲಿ ಮುಖ್ಯಸ್ಥನೇ ಇಲ್ಲ. ರೈತನೊಬ್ಬನು ಹೊಲದಲ್ಲಿ ಆಹಾರ ಚೆಲ್ಲುತ್ತಾನೆ, ಉರುಲುಗಳನ್ನೂ ಒಡ್ಡುತ್ತಾನೆ. ಕಾಣೆಯಾದವರು ಎಲ್ಲಿ ಹೋದರೆಂದು ಯಾರೂ ಕೇಳಕೂಡದು. ಹೊಟ್ಟೆ ತುಂಬಿದ ಸಮಾಜವು ನಾಯಕನನ್ನಷ್ಟೇ ಅಲ್ಲ, ಸತ್ಯವನ್ನೂ ಬಿಟ್ಟುಕೊಡಬಲ್ಲದು.

ಮೂರನೆಯದು ಎಫ್ರಾಫಾ. ಬಾಲ್ಯದಲ್ಲಿಯೇ ತಾಯಿತಂದೆಗಳನ್ನು ಕಳೆದುಕೊಂಡ ಜನರಲ್ ವೂಂಡ್‌ವರ್ಟ್ ಅಲ್ಲಿಯ ಸರ್ವಾಧಿಕಾರಿ. ಪ್ರತಿಯೊಂದು ಮೊಲದ ಮೈಮೇಲೂ ಅದರ ಗುಂಪನ್ನು ಸೂಚಿಸುವ ಗಾಯದ ಗುರುತು. ಮೇಯುವುದೂ ಸರದಿಯ ಮೇಲೆ. ಇದರಿಂದ ಬಿಲವು ಮನುಷ್ಯನ ಕಣ್ಣಿಗೆ ಬೀಳದೆ ಸುರಕ್ಷಿತವಾಗಿತ್ತೆಂಬುದನ್ನು ಒಪ್ಪಲೇಬೇಕು. ಆದರೆ ಹೊರಗೆ ಹೋಗಲು ಯಾರಿಗೂ ಅನುಮತಿಯಿಲ್ಲ. ಕಿಕ್ಕಿರಿದ ಬಿಲದಲ್ಲಿ ಹೆಣ್ಣುಮೊಲಗಳಿಗೆ ಮರಿ ಹಾಕುವುದೇ ದುಸ್ತರವಾಗುತ್ತದೆ.

ನಾಲ್ಕನೆಯದು ಹೇಜಲ್‌ನ ನಾಯಕತ್ವ. ಅವನು ಬಲದಲ್ಲಿ ಬಿಗ್‌ವಿಗ್‌ಗೆ, ಬುದ್ಧಿಯಲ್ಲಿ ಬ್ಲಾಕ್‌ಬೆರಿಗೆ, ದೂರದೃಷ್ಟಿಯಲ್ಲಿ ಫೈವರ್‌ಗೆ ಸಮನಲ್ಲ. ಯಾರ ಮಾತನ್ನು ಯಾವಾಗ ಕೇಳಬೇಕೆಂಬುದನ್ನು ಅರಿತಿರುವುದೇ ಅವನ ವೈಶಿಷ್ಟ್ಯ. ಹಲಗೆಯ ಮೇಲೆ ಹೊಳೆ ದಾಟಬಹುದೆಂಬುದು ಬ್ಲಾಕ್‌ಬೆರಿಯ ಯೋಚನೆ. ಆ ಯೋಚನೆಯನ್ನು ನಂಬಿ ನಡೆದವನು ಹೇಜಲ್. ಹಾಗೆಂದು ಅವನು ನಿರ್ದೋಷಿಯಲ್ಲ. ಫೈವರ್‌ನ ಮಾತು ಮೀರಿ, ಕೀರ್ತಿಯ ಆಸೆಯಿಂದ ರೈತನ ಮನೆಗೆ ನುಗ್ಗಿ, ಕಾಲಿಗೆ ಗುಂಡೇಟು ತಿನ್ನುತ್ತಾನೆ.

ಕಥೆಯ ಮುಖ್ಯ ಸಂದರ್ಭ ಕೊನೆಯ ಮುತ್ತಿಗೆಯಲ್ಲಿದೆ. ಬಿಲದ ದಾರಿಯನ್ನು ಕಾಯುತ್ತಿರುವ ಮಹಾಬಲ ಬಿಗ್‌ವಿಗ್‌ನೇ ಮುಖ್ಯಸ್ಥನೆಂದು ವೂಂಡ್‌ವರ್ಟ್ ಭಾವಿಸಿದ್ದಾನೆ. ಇದು ತನ್ನ ಮುಖ್ಯಸ್ಥನ ಅಪ್ಪಣೆಯೆಂದು ಬಿಗ್‌ವಿಗ್ ಹೇಳಿದೊಡನೆ ಎದುರಾಳಿಗಳು ದಿಗಿಲುಗೊಳ್ಳುತ್ತಾರೆ: ಇವನಿಗಿಂತಲೂ ದೊಡ್ಡವನೊಬ್ಬನಿರುವನೆ? ಬಲವನ್ನುಳಿದು ಬೇರೆ ಅರ್ಹತೆಯುಂಟೆಂಬುದು ಅವರ ಕಲ್ಪನೆಗೇ ನಿಲುಕದು.

ಈ ಕೃತಿಯಲ್ಲಿ ಹೆಣ್ಣುಮೊಲಗಳಿಗೆ ತಕ್ಕ ಸ್ಥಾನ ದೊರೆತಿಲ್ಲವೆಂಬ ವಿಮರ್ಶಕರ ಆಕ್ಷೇಪಣೆ ನ್ಯಾಯವಾದುದು. ಎಫ್ರಾಫಾದಲ್ಲಿ ಗೆಳತಿಯರನ್ನು ಒಗ್ಗೂಡಿಸಿದ ಹೈಜೆನ್‌ಥ್ಲೇಗೆ ಧೈರ್ಯವೂ ವಿವೇಕವೂ ಇವೆ. ಆದರೆ ನಿರ್ಣಯದ ಅಧಿಕಾರ ಗಂಡುಗಳ ಕೈಯಲ್ಲಿಯೇ ಉಳಿಯುತ್ತದೆ.

ಬ್ಯಾಂಕಿನ ಶಾಖೆಯೊಂದರ ಆಡಳಿತ ಹೇಗಿದೆಯೆಂಬುದು ವ್ಯವಸ್ಥಾಪಕನು ರಜೆಯ ಮೇಲೆ ಹೋದಾಗ ತಿಳಿಯುತ್ತದೆಂಬುದು ನನ್ನ ವೃತ್ತಿಯ ಅನುಭವ. ವೂಂಡ್‌ವರ್ಟ್ ಕಣ್ಮರೆಯಾದೊಡನೆ ಅವನ ಸೈನ್ಯ ಚದರಿಹೋಗುತ್ತದೆ. ಹೇಜಲ್ ಮುದಿಯಾಗಿ ಮರಣಹೊಂದುವಾಗ ಬಿಲವು ಮರಿಗಳಿಂದ ತುಂಬಿದೆ, ಅವನ ಚಿಂತೆಗೆ ಕಾರಣವಿಲ್ಲ. ಹುಟ್ಟೂರು ಬಿಟ್ಟುಬಂದು ಪರಸ್ಥಳದಲ್ಲಿ ಸಂಘಗಳನ್ನು ಕಟ್ಟಿಕೊಂಡ ನಮ್ಮಂಥವರು, ಸ್ಥಾಪಕರ ತರುವಾಯ ನಮ್ಮ ಸಂಸ್ಥೆಗಳ ಗತಿಯೇನೆಂದು ಯೋಚಿಸುವಾಗ, ಈ ಮೊಲಗಳ ಕಥೆಯನ್ನೊಮ್ಮೆ ನೆನೆಯಬಹುದು.