ಹೆಲ್ಮೆಟ್‌ಗೂ ಒಂದು ಆಯಸ್ಸು

ಮಗನಿಗೆ ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬಂದ ಕೂಡಲೇ ಮನೆಯಲ್ಲಿ ಸ್ಕೂಟರಿನ ಮಾತು ಶುರುವಾಗುತ್ತದೆ. ಸಾಲ ಮಾಡಿಯಾದರೂ ಗಾಡಿಯನ್ನು ಹೊಸದನ್ನೇ ಕೊಡಿಸುತ್ತಾರೆ. ಹೆಲ್ಮೆಟ್ ಮಾತ್ರ? ‘ಅಟ್ಟದ ಮೇಲೆ ಅಪ್ಪನದೇ ಒಂದು ಬಿದ್ದಿದೆಯಲ್ಲ, ಒರೆಸಿಕೊಂಡು ಹಾಕಿಕೋ’ ಎಂಬ ಸಲಹೆ ಅಡುಗೆಮನೆಯಿಂದಲೇ ಬರುತ್ತದೆ. ಅಂಗಿ, ಪಠ್ಯಪುಸ್ತಕ, ಸೈಕಲ್ಲುಗಳು ಹಿರಿಯರಿಂದ ಕಿರಿಯರಿಗೆ ಇಳಿದು ಬರುವುದು ಒಳ್ಳೆಯ ರೂಢಿಯೇ. ಆದರೆ ಆ ಸಾಲಿಗೆ ಸೇರಿಸಬಾರದ ವಸ್ತು ಹೆಲ್ಮೆಟ್. ಏಕೆಂದರೆ ಅದಕ್ಕೂ ಒಂದು ಆಯಸ್ಸು ಉಂಟು.

ಬೈಕ್ ಸವಾರರ ತಲೆಯ ಬಗ್ಗೆ ವೈದ್ಯಲೋಕ ಗಂಭೀರವಾಗಿ ಯೋಚಿಸಲು ಒಂದು ಸಾವು ಕಾರಣವಾಯಿತು. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದೇ ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಮೋಟಾರ್ ಸೈಕಲ್ ಓಡಿಸುತ್ತಿದ್ದಾಗ, ಎದುರಾದ ಇಬ್ಬರು ಸೈಕಲ್ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ ಪ್ರಜ್ಞೆ ಮರಳದೆಯೇ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ನರ ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. ಮೋಟಾರ್ ಸೈಕಲ್ ಸವಾರರ ತಲೆಪೆಟ್ಟುಗಳನ್ನೂ ಹೆಲ್ಮೆಟ್‌ನ ಮಹತ್ವವನ್ನೂ ಕುರಿತ ಅವರ ಅಧ್ಯಯನ 1941ರಲ್ಲಿ ಪ್ರಕಟವಾಯಿತು.

ಒಳಗಿರುವ ಗುಟ್ಟು

ಹೆಲ್ಮೆಟ್ ಎಂದರೆ ಹೊರಗಿನ ಗಟ್ಟಿ ಚಿಪ್ಪು ಎಂದೇ ಅನೇಕರ ಭಾವನೆ. ಚಿಪ್ಪು ಪೆಟ್ಟನ್ನು ಹಂಚುತ್ತದೆ, ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ, ನಿಜ. ಆದರೆ ಪೆಟ್ಟನ್ನು ನುಂಗುವುದು ಅದರೊಳಗಿನ ಥರ್ಮೋಕೋಲ್ ಜಾತಿಯ ದಪ್ಪ ಪದರ.

ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ತಲೆ ನೆಲಕ್ಕೆ ಬಡಿಯುವ ಹೊತ್ತಿಗೆ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಆ ವೇಗ ಕೇವಲ 2 ಮಿಲಿಮೀಟರ್ ದೂರದಲ್ಲಿ ಸೊನ್ನೆಗೆ ಇಳಿದರೆ ತಲೆಯ ಮೇಲೆ ಅದರ ತೂಕದ ಸುಮಾರು 750 ಪಟ್ಟು ಬಲ ಬೀಳುತ್ತದೆ. ಅದೇ ವೇಗ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಇಳಿದರೆ ಬಲ ಸುಮಾರು 60 ಪಟ್ಟಿಗೆ ತಗ್ಗುತ್ತದೆ. ಆ ಎರಡೂವರೆ ಸೆಂಟಿಮೀಟರನ್ನು ಒದಗಿಸುವುದೇ ಥರ್ಮೋಕೋಲ್ ಪದರದ ಕೆಲಸ. ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ.

ಒಮ್ಮೆ ಜಜ್ಜಿದ ಪದರ ಸ್ಪಂಜಿನಂತೆ ಮತ್ತೆ ಉಬ್ಬುವುದಿಲ್ಲ. ಹೊರಗಿನ ಚಿಪ್ಪು ಮಾತ್ರ ಏನೂ ಆಗದವರಂತೆ ಹೊಳೆಯುತ್ತಿರಬಹುದು. ಹೀಗಾಗಿ ‘ಒಂದು ಗೀರು ಕೂಡ ಬಿದ್ದಿಲ್ಲ, ಇನ್ನೂ ನಾಲ್ಕು ವರ್ಷ ಬರುತ್ತದೆ’ ಎಂಬ ಮಾತಿಗೆ ಅರ್ಥವಿಲ್ಲ.

ಯಾವಾಗ ಬದಲಿಸಬೇಕು?

ಮೊದಲ ನಿಯಮ ಸರಳ. ತಲೆಯ ಮೇಲಿದ್ದಾಗ ಅಪಘಾತದ ಪೆಟ್ಟು ತಿಂದ ಹೆಲ್ಮೆಟ್‌ನ ಕೆಲಸ ಅಲ್ಲಿಗೆ ಮುಗಿಯಿತು. ಖಾಲಿ ಹೆಲ್ಮೆಟ್ ಕೈಜಾರಿ ಮೇಜಿನಿಂದ ಬಿದ್ದರೆ ಅಷ್ಟು ಭಯ ಬೇಡ. ಒಳಗೆ ತಲೆಯ ಭಾರ ಇಲ್ಲದ್ದರಿಂದ ಪದರ ಹೆಚ್ಚು ಜಜ್ಜುವುದಿಲ್ಲ. ಆದರೂ ಬಿರುಕು ಬಿಟ್ಟಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು.

ಎರಡನೆಯದು ವಯಸ್ಸು. ಪೆಟ್ಟು ಬೀಳದಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸುವುದು ಒಳಿತು ಎಂಬುದು ಅಮೆರಿಕದ ಸ್ನೆಲ್ ಪ್ರತಿಷ್ಠಾನದ ಸಲಹೆ. 1956ರಲ್ಲಿ ಕಾರ್ ರೇಸಿನಲ್ಲಿ ತಲೆಗೆ ಪೆಟ್ಟಾಗಿ ಸತ್ತ ಪೀಟ್ ಸ್ನೆಲ್ ನೆನಪಿಗಾಗಿ ಮರುವರ್ಷ ಹುಟ್ಟಿದ ಸಂಸ್ಥೆ ಅದು. ಬೆವರು, ತಲೆಗೆ ಹಚ್ಚಿದ ಎಣ್ಣೆ, ಬಿಸಿಲು ಇವೆಲ್ಲ ಅಂಟನ್ನೂ ಮೆತ್ತೆಯನ್ನೂ ನಿಧಾನವಾಗಿ ತಿನ್ನುತ್ತವೆ. ದಿನವೂ ಬಳಸುವವರಿಗೆ ಐದು ವರ್ಷಕ್ಕಿಂತ ಮೊದಲೇ ಬದಲಿಸಬೇಕಾಗಬಹುದು.

ಮೂರನೆಯದು ಬಿಗಿ. ಕೊಕ್ಕೆ ಹಾಕಿ ತಲೆಯನ್ನು ಅತ್ತಿತ್ತ ಆಡಿಸಿದಾಗ ಕೆನ್ನೆಯ ಚರ್ಮವೂ ಹೆಲ್ಮೆಟ್ ಜೊತೆಗೇ ಸರಿಯಬೇಕು. ಹಿಂದಿನಿಂದ ಮೇಲಕ್ಕೆ ನೂಕಿದರೆ ಕಳಚಿ ಮುಂದಕ್ಕೆ ಬೀಳಬಾರದು. ಪಟ್ಟಿಯ ನೂಲು ಎದ್ದಿದ್ದರೆ, ಕೊಕ್ಕೆ ಸಡಿಲವಾಗಿದ್ದರೆ, ಅಪ್ಪನ ತಲೆಗೆ ಸರಿಹೊಂದಿದ್ದು ಮಗಳ ತಲೆಯ ಮೇಲೆ ಕುಣಿಯುತ್ತಿದ್ದರೆ ಅದು ಹೊರಡುವ ವೇಳೆ ಎಂದೇ ಲೆಕ್ಕ.

ಹೆಲ್ಮೆಟ್ಟನ್ನು ಅಕಾಲ ಮುಪ್ಪಿಗೆ ತಳ್ಳುವ ಅಭ್ಯಾಸಗಳೂ ಇವೆ. ಕನ್ನಡಿಗೆ ನೇತುಹಾಕಿದರೆ ಒಳಪದರ ಗುಳಿ ಬೀಳುತ್ತದೆ. ಪೆಟ್ರೋಲ್, ಥಿನ್ನರ್ ಬಳಸಿ ಒರೆಸಿದರೆ ಪ್ಲಾಸ್ಟಿಕ್ ಚಿಪ್ಪು ಸೊರಗುತ್ತದೆ. ಕಾಲೇಜು ಹುಡುಗರು ಮೆಚ್ಚುವ ಸ್ಪ್ರೇ ಬಣ್ಣಕ್ಕೂ ಇದೇ ಮಾತು. ತೊಳೆಯಲು ಸ್ವಲ್ಪ ಸೌಮ್ಯವಾದ ಸೋಪು, ನೀರು ಸಾಕು.

ಕೊಳ್ಳುವಾಗ

ದೇಶದಲ್ಲಿ ದ್ವಿಚಕ್ರ ವಾಹನದ ಹೆಲ್ಮೆಟ್‌ಗಳು ಐ.ಎಸ್. 4151 ಎಂಬ ಮಾನಕಕ್ಕೆ ಒಪ್ಪಬೇಕು. 2021ರ ಜೂನ್ 1ರಿಂದ ಐ.ಎಸ್.ಐ. ಗುರುತಿಲ್ಲದ್ದನ್ನು ತಯಾರಿಸುವುದಾಗಲಿ ಮಾರುವುದಾಗಲಿ ಕಾನೂನಿಗೆ ವಿರುದ್ಧ. ಗುರುತಿನ ಜೊತೆಗಿರುವ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ‘ಬಿ.ಐ.ಎಸ್. ಕೇರ್’ ಆ್ಯಪ್‌ನಲ್ಲಿ ತಾಳೆ ನೋಡಬಹುದು. ತಯಾರಾದ ತಿಂಗಳು, ವರ್ಷವನ್ನೂ ಹುಡುಕಿ ಓದಬೇಕು.

ಹಿಂದೆ ಕೂರುವವರ ತಲೆಯೂ ತಲೆಯೇ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದೆ. 2019ರ ತಿದ್ದುಪಡಿಯ ಪ್ರಕಾರ ನಾಲ್ಕು ವರ್ಷ ಮೀರಿದ ಮಕ್ಕಳೂ ಹಾಕಲೇಬೇಕು. ಅದಕ್ಕಿಂತ ಚಿಕ್ಕ ಮಕ್ಕಳಿಗೆ 2023ರ ಫೆಬ್ರುವರಿಯಿಂದ ಹೆಲ್ಮೆಟ್ ಜೊತೆಗೆ ಸವಾರನಿಗೆ ಬಿಗಿಯುವ ಬೆಲ್ಟ್ ಕೂಡ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಶಾಲೆಗೆ ಬಿಡಲು ಹೊರಟ ಅಪ್ಪಂದಿರು ತಾವು ಹೆಲ್ಮೆಟ್ ತೊಟ್ಟು ಮಗುವನ್ನು ಬರಿದಲೆಯಲ್ಲಿ ಮುಂದೆ ನಿಲ್ಲಿಸಿಕೊಳ್ಳುವ ದೃಶ್ಯ ಇನ್ನಾದರೂ ತಪ್ಪಬೇಕು.

ಕೊನೆಗೆ ಉಳಿಯುವುದು ಅಟ್ಟದ ಮೇಲಿನ ಆ ಹಳೆಯ ಹೆಲ್ಮೆಟ್. ಅದನ್ನು ಹಾಗೆಯೇ ಗುಜರಿಗೆ ಹಾಕಿದರೆ ಇನ್ಯಾರದೋ ಮಗನ ತಲೆಯ ಮೇಲೆ ಬಂದು ಕೂರಬಹುದು. ಮೊದಲು ಪಟ್ಟಿಯನ್ನು ಕತ್ತರಿಸಿ, ಆಮೇಲೆ ಎಸೆಯುವುದು ಲೇಸು. ಅಷ್ಟು ವರ್ಷ ಅಪ್ಪನ ತಲೆ ಕಾಯ್ದ ವಸ್ತುವನ್ನು ಕತ್ತರಿಸಲು ಮನಸ್ಸು ಬಾರದಿರಬಹುದು. ಆದರೆ ಮಗ ಹೊರಟಿರುವುದು ಹೊಸ ಗಾಡಿಯಲ್ಲಿ. ಅವನ ತಲೆಗೂ ಹೊಸ ಕಾವಲು ಸಿಗಲಿ.