ವಾಸನೆ ತೆಗೆದು, ವಾಸನೆ ಸೇರಿಸಿ

ಸಮುದ್ರದಡಿಯ ಗ್ಯಾಸನ್ನು ಹಾಗೇ ನಿಮ್ಮ ಒಲೆಗೆ ಕೊಟ್ಟರೆ? ಪೈಪು ತುಕ್ಕು ಹಿಡಿಯೋದು ಆಮೇಲಿನ ಮಾತು, ಮೊದಲು ಜೀವಕ್ಕೇ ಅಪಾಯ.

ಮುಂಬೈ ಕರಾವಳಿಯಾಚೆ ಬಸೀನ್ ಅನ್ನೋ ಅನಿಲ ಕ್ಷೇತ್ರ ಇದೆ. ಅಲ್ಲಿನ ಗ್ಯಾಸ್ ಸಮುದ್ರದೊಳಗಿನ ಪೈಪಿನಲ್ಲಿ ಸೂರತ್ ಹತ್ತಿರದ ಹಜೀರಾಕ್ಕೆ, ಒಎನ್‌ಜಿಸಿ ಸ್ಥಾವರಕ್ಕೆ ಬರುತ್ತೆ.

ಜೊತೆಗೆ ಬಂದ ದ್ರವವನ್ನು ಬೇರ್ಪಡಿಸೋದು ಸುಲಭ. ದಪ್ಪ ಪೈಪುಗಳ ಸಾಲಿನಲ್ಲಿ ವೇಗ ಕಡಿಮೆಯಾದ ಕೂಡಲೇ ಅದು ತಳಕ್ಕಿಳಿಯುತ್ತೆ. ನಿಜವಾದ ತಲೆನೋವು ಹೈಡ್ರೋಜನ್ ಸಲ್ಫೈಡ್‌ನದು. ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯೋದೇ ಇಲ್ಲ. ಕೊಲ್ಲೋದು ಆಗಲೇ.

ಹಾಗಾಗಿ ಎತ್ತರದ ಗೋಪುರದಲ್ಲಿ ಗ್ಯಾಸ್ ಮೇಲಕ್ಕೇರುತ್ತೆ, ಅಮೀನ್ ದ್ರಾವಣ ಕೆಳಕ್ಕಿಳಿಯುತ್ತೆ. ಎದುರುಬದುರಾದಾಗ ಅಮೀನ್ ಆ ವಿಷವನ್ನು ಹಿಡ್ಕೊಳ್ಳುತ್ತೆ. ಆಮೇಲೆ ಕಾಯಿಸಿದರೆ ಬಿಟ್ಟುಬಿಡುತ್ತೆ! ಅಮೀನ್ ಮತ್ತೆ ಕೆಲಸಕ್ಕೆ, ವಿಷದಿಂದ ಗಂಧಕ.

ಮುಂದೆ ಗ್ಲೈಕಾಲ್ ತೇವ ಹೀರುತ್ತೆ. ತೇವ ಉಳಿದರೆ ಒತ್ತಡದಲ್ಲಿ ಮೀಥೇನ್ ಜೊತೆ ಗಟ್ಟಿಯಾಗಿ ಪೈಪನ್ನೇ ಕಟ್ಟಿಹಾಕುತ್ತೆ, ಅದೂ ಸೊನ್ನೆ ಡಿಗ್ರಿಗಿಂತ ಮೇಲೆಯೇ. ಇನ್ನಷ್ಟು ತಣ್ಣಗಾಗಿಸಿ ಪ್ರೊಪೇನ್, ಬ್ಯುಟೇನ್ ತೆಗೀತಾರೆ: ನಮ್ಮ ಸಿಲಿಂಡರ್‌ನ ಎಲ್‌ಪಿಜಿ. ಉಳಿದದ್ದು ಬಹುಪಾಲು ಮೀಥೇನ್, ಪೈಪ್‌ಲೈನಿಗೆ.

ತಮಾಷೆ ಕೇಳಿ. ಮೀಥೇನ್‌ಗೆ ವಾಸನೆಯೇ ಇಲ್ಲ. ಸೋರಿದರೆ ಗೊತ್ತಾಗಬೇಕಲ್ಲ? ಅದಕ್ಕೇ ಮನೆಗೆ ಬರೋ ಮುಂಚೆ ಮರ್ಕಾಪ್ಟಾನ್ ಬೆರೆಸ್ತಾರೆ. ಕಷ್ಟಪಟ್ಟು ಗಂಧಕ ತೆಗೆದದ್ದಾಯ್ತು, ಇದೂ ಗಂಧಕದ್ದೇ ಸಂಯುಕ್ತ!

ಸೋರಿದ ಎಲ್‌ಪಿಜಿ ನೆಲದ ಮೇಲೆ ಹರಡುತ್ತೆ, ಪೈಪ್ ಗ್ಯಾಸ್ ಚಾವಣಿಯತ್ತ ಏರುತ್ತೆ. ಯಾವುದೇ ಇರಲಿ, ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ವಾಲ್ವ್ ಮುಚ್ಚಿ, ಕಿಟಕಿ ತೆಗೀರಿ.