ಸೀಮೆಬದನೆಯ ಊರಲ್ಲಿ ಎರಡು ದಿನ

ಗಾಂಧಿ ಬಜಾರ್‌ನ ತರಕಾರಿಯಾಕೆ ಆ ಒಂದು ಕಾಯನ್ನು ಬೇರೆ ಎತ್ತಿಟ್ಟಿದ್ದಳು. ಸೀಮೆಬದನೆಯೇ. ಆದರೆ ಅದರ ತುದಿ ಬಿರಿದು ಒಳಗಿನಿಂದ ಗೇಣುದ್ದದ ಚಿಗುರು ಹೊರಗೆ ಬಂದಿತ್ತು. ಚಿಗುರಿನ ನೆತ್ತಿಯಲ್ಲಿ ಮಡಚಿಕೊಂಡ ಎರಡು ಪುಟ್ಟ ಎಲೆ, ಹಿಡಿಯಲು ಏನಾದರೂ ಸಿಕ್ಕೀತೇ ಎಂದು ಸುರುಳಿ ಸುತ್ತಿಕೊಂಡ ಒಂದು ನುಲಿಕುಡಿ. ಮಣ್ಣಿಲ್ಲ, ನೀರಿಲ್ಲ, ಗೋಣಿತಾಟಿನ ಮೇಲೆ ಬಿದ್ದಲ್ಲೇ ಮೊಳೆತಿತ್ತು.

‘ಇದನ್ನೆಷ್ಟಕ್ಕೆ ಕೊಡ್ತೀಯಮ್ಮಾ?’ ಎಂದರು ಚಿಕ್ಕಮ್ಮ.

‘ಅದು ಬಲಿತು ಹೋಗದೆ ಕಣಮ್ಮ, ಹುಳಿಗೆ ಆಗಕಿಲ್ಲ. ಬೇಕಾದ್ರೆ ಹಂಗೇ ತಗೊಂಡೋಗಿ ನೆಟ್ಕೊಳ್ಳಿ.’

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ತಮಿಳು ಹೆಂಗಸೊಬ್ಬರು ಅದೇ ರಾಶಿಗೆ ಕೈ ತೋರಿಸಿ, ‘ಬೆಂಗಳೂರು ಕತ್ತರಿಕ್ಕಾಯ್ ಅರ್ಧ ಕೆ.ಜಿ.’ ಎಂದರು. ಕತ್ತರಿಕ್ಕಾಯ್ ಎಂದರೆ ಬದನೆಕಾಯಿ. ನಾವು ಇದನ್ನು ಪರದೇಶದ್ದೆಂದು ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳ ಸಾಲಿಗೆ ಸೇರಿಸಿದ್ದೇವೆ. ತಮಿಳರು ‘ಬೆಂಗಳೂರು ಬದನೆ’ ಎನ್ನುತ್ತಾರೆ, ತೆಲುಗರದೂ ‘ಬೆಂಗಳೂರು ವಂಕಾಯ’. ಯಾರಿಗೆ ಎಲ್ಲಿಂದ ಬಂತೋ ಅವರು ಆ ಊರಿನ ಹೆಸರಿಟ್ಟರು. ಒಂದು ತರಕಾರಿಯ ಪ್ರಯಾಣವೆಲ್ಲ ಅದರ ಹೆಸರುಗಳಲ್ಲೇ ದಾಖಲಾಗಿದೆಯಲ್ಲ! ನಮ್ಮ ಎರಡು ದಿನದ ಬೆಂಗಳೂರು ತಿರುಗಾಟಕ್ಕೆ ಆ ಗೋಣಿತಾಟಿನ ಮುಂದೆ ಬೇರೆಯೇ ದಿಕ್ಕು ಸಿಕ್ಕಿತು.

ಹೋದ ಸಲ ಹಾಸನದಿಂದ ಬಂದಾಗ ಎಂಟು ಜಾಗಗಳ ಪಟ್ಟಿ ಹಿಡಿದು ಹೊರಟು, ದಿನದ ಮುಕ್ಕಾಲು ಪಾಲನ್ನು ಸಿಗ್ನಲ್‌ಗಳಲ್ಲೇ ಕಳೆದಿದ್ದೆವು. ಈ ಸಲ ಒಂದೇ ನಿಯಮ: ಬಸವನಗುಡಿಯಲ್ಲಿ ಕೋಣೆ ಹಿಡಿಯುವುದು, ನಡೆದು ಮುಟ್ಟಲಾಗದ ಯಾವ ಜಾಗಕ್ಕೂ ಹೋಗದಿರುವುದು. ಅರವತ್ತೆಂಟರ ಚಿಕ್ಕಮ್ಮನ ಕಾಲು ನಮ್ಮ ಗಡಿಯಾರ. ಶನಿವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಮಸಾಲೆ ದೋಸೆ, ಆಮೇಲೆ ಗಾಂಧಿ ಬಜಾರ್, ಇಳಿಹೊತ್ತಿಗೆ ಬ್ಯೂಗಲ್ ರಾಕ್, ಭಾನುವಾರ ನಸುಕಿಗೇ ಲಾಲ್‌ಬಾಗ್, ಅಲ್ಲಿಂದ ಎಂಟಿಆರ್. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ. ಹಾಗಾಗಿ ನಡುವಿನ ಎರಡು ದಿನ ಸರಿಹೋಗುತ್ತದೆ. ಕಾಯುವ ತಾಳ್ಮೆ ಮಾತ್ರ ಇರಬೇಕು. 1943ರಿಂದ ನಡೆಯುತ್ತಿರುವ ಜಾಗದಲ್ಲಿ ಮುಕ್ಕಾಲು ಗಂಟೆ ನಿಂತಿದ್ದಕ್ಕೆ ನನಗಂತೂ ಬೇಸರವಾಗಲಿಲ್ಲ. ಮೊಣಕೈಯವರೆಗೆ ದೋಸೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್‌ನನ್ನು ನೋಡುತ್ತ ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ಮತ್ತೆ ಸೀಮೆಬದನೆಗೆ ಬರುತ್ತೇನೆ. ಇದರ ತವರು ಮೆಕ್ಸಿಕೊ ಕಡೆ. ಹೆಸರಿನಲ್ಲಷ್ಟೇ ಬದನೆ, ಜಾತಿಯಲ್ಲಿ ಸೋರೆ, ಸೌತೆ, ಕುಂಬಳದ ಬಳಗ. ಆದರೆ ಆ ಬಳಗದ ಉಳಿದ ಕಾಯಿಗಳಲ್ಲಿ ಹಿಡಿಗಟ್ಟಲೆ ಬೀಜವಿದ್ದರೆ ಇದರಲ್ಲಿ ಒಂದೇ ಒಂದು, ಅದೂ ಚಪ್ಪಟೆ. ಆ ಬೀಜವನ್ನು ಬಿಡಿಸಿ ಒಣಗಿಸಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಕಾಯಿಯ ಹೊಟ್ಟೆಯೊಳಗೇ ಮೊಳೆತು, ಅದರ ತಿರುಳನ್ನೇ ಉಂಡು, ಬಾಯಿ ಸೀಳಿಕೊಂಡು ಹೊರಬರುತ್ತದೆ. ನೆಡುವುದಾದರೆ ಇಡೀ ಕಾಯನ್ನೇ ನೆಡಬೇಕು. ಹೀಗಾಗಿ ಬೀಜದ ಪೊಟ್ಟಣವಾಗಿ ಇದು ಸಮುದ್ರ ದಾಟಿರಲು ಸಾಧ್ಯವಿಲ್ಲ, ಕಾಯಾಗಿಯೋ ಬಳ್ಳಿಯಾಗಿಯೋ ಹಡಗು ಹತ್ತಿರಬೇಕು. ಹಡಗಿನ ಯಾವುದೋ ಮೂಲೆಯಲ್ಲಿ ಬುಟ್ಟಿಯೊಳಗೇ ಚಿಗುರುತ್ತ ಬಂದಿತೇನೋ ಎಂದು ಯೋಚಿಸಿದರೆ ಈಗಲೂ ರೋಮಾಂಚನವಾಗುತ್ತದೆ.

ಇದನ್ನು ಬೆಂಗಳೂರಿಗೆ ತಂದು ಬೆಳೆಸಿದ ಕೀರ್ತಿ ಜಾನ್ ಕ್ಯಾಮರಾನ್‌ಗೆ ಸಲ್ಲುತ್ತದೆ. ಲಂಡನ್ನಿನ ಕ್ಯೂ ತೋಟದಿಂದ ಬಂದು 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡವರು. ಹೈದರಾಲಿ 1760ರಲ್ಲಿ ಶುರುಮಾಡಿದ್ದು, ಟಿಪ್ಪು ಮುಂದುವರಿಸಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದದ್ದು ಎಲ್ಲರಿಗೂ ಗೊತ್ತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದದ್ದೂ ಕ್ಯಾಮರಾನ್ ಕಾಲದಲ್ಲೇ. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್ ಹೆಸರು ರಸ್ತೆಗಿದೆ, ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಊರನ್ನು ಹೊಂದಿಸಿದವರೆಂದು ಜನ ನೆನೆಯುತ್ತಾರೆ. ಅದು ಸರಿಯೇ. ಆದರೆ ನಮ್ಮ ಹುಳಿ ಪಾತ್ರೆಯವರೆಗೆ ತೋಟವನ್ನು ತಂದವರು ಕ್ಯಾಮರಾನ್. ಅವರಿಗೂ ಅಷ್ಟೇ ನೆನಪು ಸಲ್ಲಬೇಕೆಂಬುದು ನನ್ನ ಪಕ್ಷಪಾತ.

ಭಾನುವಾರ ಆರೂವರೆಗೆ ಪಶ್ಚಿಮ ಗೇಟಿನಿಂದ ಒಳಹೊಕ್ಕೆವು. ಮೆಟ್ರೊದ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದವರಿಗೆ ಇದೇ ಹತ್ತಿರ. ಫಲಪುಷ್ಪ ಪ್ರದರ್ಶನದ ಹೊತ್ತಿನ ಲಾಲ್‌ಬಾಗ್ ನನಗೆ ಒಗ್ಗುವುದಿಲ್ಲ. ಕಿತ್ತ ಹೂವಿನ ಗೋಪುರ ನೋಡಲು ನೂಕಾಡುವ ಜನ, ಪಕ್ಕದಲ್ಲೇ ನಿಂತ ಮರವನ್ನು ತಿರುಗಿಯೂ ನೋಡುವುದಿಲ್ಲ. ಆವತ್ತು ಹಾಗಿರಲಿಲ್ಲ. ಕೆರೆಯ ಹತ್ತಿರದ ಹಳೆಯ ಬಿಳಿ ಬೂರುಗದ ಬುಡಕ್ಕೆ ಹೋದೆವು. ಆಳೆತ್ತರದ ಗೋಡೆಗಳಂತೆ ಎದ್ದ ಬೇರು, ಎರಡು ಬೇರುಗಳ ನಡುವೆ ಒಂದು ಸಣ್ಣ ಕೋಣೆಯಷ್ಟು ಜಾಗ. ಚಿಕ್ಕಮ್ಮ ಬೇರಿಗೆ ಅಂಗೈ ಊರಿ, ‘ಕಲ್ಲಿನ ಹಾಗೇ ತಣ್ಣಗಿದೆ ಕಣೋ’ ಎಂದರು. ನಿಜವಾದ ಕಲ್ಲು ಆಚೆಗಿತ್ತು. ಮುನ್ನೂರು ಕೋಟಿ ವರ್ಷ ಹಳೆಯದೆನ್ನುವ ಲಾಲ್‌ಬಾಗ್ ಬಂಡೆ, ಅದರ ಮೇಲೆ ಕೆಂಪೇಗೌಡರ ಗೋಪುರ. ಚಿಕ್ಕಮ್ಮ ಹತ್ತಲಿಲ್ಲ, ಕೆಳಗೇ ಕುಳಿತು ಚೀಲದೊಳಗಿನ ಮೊಳಕೆ ಮುರಿದಿಲ್ಲವೆಂದು ಎರಡು ಸಲ ನೋಡಿಕೊಂಡರು.

ಎಂಟಿಆರ್‌ನ ರವೆ ಇಡ್ಲಿಯ ಬಗ್ಗೆ ಬಹಳ ಬರೆಯಬೇಕಿಲ್ಲ. 1924ರ ಹೋಟೆಲ್. ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದು ರವೆ ಹಬೆಗೆ ಹೋಯಿತೆಂಬ ಕಥೆಯೂ ಹಳತು. ಪುಟ್ಟ ಬಟ್ಟಲಿನ ತುಪ್ಪವನ್ನು ಒಂದೇ ಸಲ ಸುರಿಯಬೇಡಿ, ಇಡ್ಲಿ ಮುರಿಮುರಿದು ಹಾಕಿಕೊಳ್ಳಿ. ನಮಗೆ ಹೆಚ್ಚು ಖುಷಿ ಕೊಟ್ಟಿದ್ದು ಮಧ್ಯಾಹ್ನ, ಬಸ್ಸಿಗೆ ಮುಂಚೆ ಸಣ್ಣ ಊಟದ ಹೋಟೆಲೊಂದರ ಬಾಳೆಲೆಯಲ್ಲಿ. ಸಾಂಬಾರಿನೊಳಗೆ ಗಾಜಿನಂತೆ ಬೆಂದ ಎರಡು ತಿಳಿಹಸಿರು ಹೋಳು. ಚಿಕ್ಕಮ್ಮ ಒಂದನ್ನು ಎತ್ತಿ ತೋರಿಸಿ, ಸಿಪ್ಪೆ ಏನು ಮಾಡಿದರೋ ಎಂದು ಕಳವಳಪಟ್ಟರು. ಅವರ ಪ್ರಕಾರ ಸಿಪ್ಪೆಯೇ ಮುಖ್ಯ: ಎಣ್ಣೆಯಲ್ಲಿ ಬಾಡಿಸಿ, ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆ, ಕಾಯಿತುರಿ ಸೇರಿಸಿ ತರಿತರಿಯಾಗಿ ರುಬ್ಬಿದ ಚಟ್ನಿ. ಹೆರೆಯುವಾಗ ಕಾಯಿ ನೀರಲ್ಲಿರಬೇಕು, ಇಲ್ಲದಿದ್ದರೆ ಸೊನೆ ಅಂಟಿ ಕೈ ಬಿಗಿಯುತ್ತದೆ.

ಬೆಂಗಳೂರಿನಲ್ಲಿ ಹೋಟೆಲಿಗೆ ಹೋಗಿ ‘ಚೌಚೌ’ ಎಂದರೆ ಸೀಮೆಬದನೆ ಬರುವುದಿಲ್ಲ, ಖಾರಾಬಾತ್ ಪಕ್ಕದಲ್ಲಿ ಕೇಸರಿಬಾತ್ ಬರುತ್ತದೆ. ಇಂಗ್ಲಿಷಿನವರು ಈ ಕಾಯಿಗೂ ಅದೇ ಹೆಸರು ಕೊಟ್ಟಿದ್ದಾರೆ. ಈ ಎರಡು ಚೌಚೌಗಳಿಗೆ ಏನಾದರೂ ನಂಟಿದೆಯೇ ಎಂದು ಹಾಸನ ತಲುಪುವವರೆಗೂ ಮಾತಾಡಿದೆವು.

ಕಾಯನ್ನು ಹಿತ್ತಿಲಿನ ಬಚ್ಚಲ ನೀರು ಹರಿಯುವ ಕಡೆ ಅರ್ಧ ಹುದುಗುವಂತೆ ಓರೆಯಾಗಿ ನೆಟ್ಟಿದ್ದಾರೆ. ನಿನ್ನೆ ಫೋನ್ ಮಾಡಿದ್ದರು. ಕುಡಿ ಕಿಟಕಿಯ ಸರಳು ಹಿಡಿದಿದೆಯಂತೆ, ಚಪ್ಪರಕ್ಕೆ ಗಳ ಬೇಕಂತೆ. ಹಾಗೇ ಇನ್ನೊಂದು ಮಾತು: ಜನವರಿಯಲ್ಲಿ ಅವರೆಕಾಯಿ ಕಾಲಕ್ಕೆ ಮತ್ತೆ ಬಸವನಗುಡಿಗೆ ಹೋಗೋಣ, ಈ ಸಲ ಮೂರು ದಿನ.